ಇಪ್ಪತ್ತೇಳು ಚೀಲ ಮಣ್ಣು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರಕ್ಕೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದವರು. ಮೂವತ್ತೊಂದು ವರ್ಷದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಕ್ಷೇತ್ರ ಸಹಾಯಕರಾಗಿ, ಅಲ್ಲಿಗೆ ಮೆಟ್ಟಿಲೇ ಮುಗಿದುಹೋದ್ದರಿಂದ ನಿಂತರು. ಮುಂದಕ್ಕೆ ಹೋಗಲು ಪದವಿ ಬೇಕು. ವಿಶ್ವವಿದ್ಯಾಲಯ ಕೊಡದ ಪದವಿಯನ್ನು ರೈತರೇ ಕೊಟ್ಟರು: ಮಣ್ಣಿನ ಮೇಷ್ಟ್ರು. ವರ್ಷ ಕಳೆದ ಹಾಗೆ ಮಣ್ಣು ಉದುರಿ ಮೇಷ್ಟ್ರು ಮಾತ್ರ ಉಳಿಯಿತು.

ಅವರ ವಿದ್ಯೆಯೆಲ್ಲ ಬೆರಳ ತುದಿಯಲ್ಲಿತ್ತು. ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಚಿಟಿಕೆ ಮಣ್ಣನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ಮೂಗಿನ ಹತ್ತಿರ ಒಯ್ದು, ಶ್ರುತಿ ಹುಡುಕುವ ಸಂಗೀತಗಾರರ ಹಾಗೆ ಅರೆಗಣ್ಣು ಮುಚ್ಚಿ, "ಹೂಂ, ಸುಣ್ಣ ಜಾಸ್ತಿ" ಅನ್ನುತ್ತಿದ್ದರು. ಹದಿನೈದು ದಿನದ ಮೇಲೆ ಪ್ರಯೋಗಾಲಯದ ಕಾಗದವೂ ಅದನ್ನೇ ಹೇಳುತ್ತಿತ್ತು. ಆ ದಿನ ಮೇಷ್ಟ್ರು ಕೇಂದ್ರದ ಪಡಸಾಲೆಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದರು. ಯಾರಾದರೂ ನೋಡಿ ಕೇಳಲಿ ಅಂತ. ಅವರ ಹೆಂಡತಿ ದರ್ಜಿ. ಹೊಲಿಗೆ ಯಂತ್ರದ ಮೇಲಿನಿಂದ ತಲೆ ಎತ್ತದೆ ಮಾತಾಡುವುದು ಅವಳ ಅಭ್ಯಾಸ. "ಮಣ್ಣು ಮುಟ್ಟಿದ್ರೆ ಅದರ ಜಾತಕ ಹೇಳ್ತಾರಂತೆ. ಅಂಗಡಿಯಿಂದ ಅಕ್ಕಿ ತಂದರೆ ಹಳೇದೋ ಹೊಸದೋ ಗೊತ್ತಾಗಲ್ಲ" ಅನ್ನುತ್ತಿದ್ದಳು.

ವಿಸ್ತರಣೆ ಅಂದರೆ ಎರಡು ಕೆಲಸ. ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದದ್ದನ್ನು ಹೊಲಕ್ಕೆ ಮುಟ್ಟಿಸುವುದು ಒಂದು. ಹೊಲದಲ್ಲಿ ಎದ್ದ ಪ್ರಶ್ನೆಯನ್ನು ವಿಶ್ವವಿದ್ಯಾಲಯಕ್ಕೆ ಹೊತ್ತು ತರುವುದು ಇನ್ನೊಂದು. ಮೊದಲನೆಯದಕ್ಕೆ ಕೇಂದ್ರದಲ್ಲಿ ಜೀಪು ಇತ್ತು. ಎರಡನೆಯದಕ್ಕೆ ಮೇಷ್ಟ್ರ ಸ್ಕೂಟರ್ ಇತ್ತು.

ಆ ಸ್ಕೂಟರ್ ಹೆಚ್ಚಾಗಿ ಓಡುತ್ತಿದ್ದುದು ಕಾಲುವೆಯ ಆಚೆಗೆ. ಎರಡು ತಲೆಮಾರಿನ ಹಿಂದೆ ಕಾಲುವೆ ತೋಡಲು ಬೇರೆ ಸೀಮೆಯಿಂದ ಬಂದ ಜನ, ತೋಡಿದ ಮೇಲೆ ಅದರ ದಂಡೆಯಲ್ಲೇ ಉಳಿದುಬಿಟ್ಟಿದ್ದರು. ಇಪ್ಪತ್ತೇಳು ಮನೆ. ಮನೆಯೊಳಗಿನ ಭಾಷೆ ಬೇರೆ, ಸಂತೆಯ ಭಾಷೆ ಬೇರೆ. ಗೇಣಿಗೆ ಹಿಡಿದ ಅರ್ಧ ಎಕರೆ, ಒಂದು ಎಕರೆಯಲ್ಲಿ ಹುರುಳಿಕಾಯಿ, ಮೆಣಸಿನಕಾಯಿ, ಸೊಪ್ಪು ಬೆಳೆಯುತ್ತಿದ್ದರು. ಊರಿನ ಅರ್ಧ ಅಡುಗೆಮನೆಗೆ ತರಕಾರಿ ಅವರದ್ದೇ. ಆದರೆ ಕೇಂದ್ರದ ಲೆಕ್ಕದಲ್ಲಿ ಅವರು ರೈತರಾಗಿರಲಿಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ 'ಜಮೀನಿನ ಪತ್ರದ ಸಂಖ್ಯೆ' ಕೇಳುತ್ತಿದ್ದರು. ಪತ್ರ ಇದ್ದವನು ಗೇಣಿ ತಿಂದುಕೊಂಡು ಪೇಟೆಯಲ್ಲಿದ್ದ; ನೇಗಿಲು ಹಿಡಿದವನ ಹತ್ತಿರ ಪತ್ರ ಇರಲಿಲ್ಲ. ಹೀಗಾಗಿ ಬೆಳೆ ತೋರಿಸುವ ಸಭೆಗಳಿಗೆ ಕರೆ ಇಲ್ಲ, ಬೀಜದ ಪೊಟ್ಟಣ ಇಲ್ಲ. ಪಟ್ಟಿಯಲ್ಲಿ ಅವರಿಗೆ ಇದ್ದ ಒಂದೇ ಮನೆ 'ಇತರೆ'.

ಮೇಷ್ಟ್ರು ನಾಲ್ಕು ವರ್ಷ ಆ ಒಂದು ಸಾಲಿನ ಹಿಂದೆ ಬಿದ್ದರು. ಕೊನೆಗೆ, ಅವರ ತರ್ಕ ಒಪ್ಪಿಗೆಯಾಗಿಯೋ ಅವರ ಕಾಟ ತಾಳಲಾರದೆಯೋ, ಅರ್ಜಿಯಲ್ಲಿ 'ಪತ್ರದ ಸಂಖ್ಯೆ ಅಥವಾ ಬೇಸಾಯ ಮಾಡುವವರ ಹೆಸರು' ಅಂತ ಆಯಿತು. ಆ 'ಅಥವಾ' ಮೇಷ್ಟ್ರ ಜೀವಮಾನದ ಸಾಧನೆ. ಅದು ಬಂದ ವರ್ಷವೇ ಸಣ್ಣ ಹಿಡುವಳಿಗಳ ಮಣ್ಣು ಸುಧಾರಿಸುವ ಮೂರು ವರ್ಷದ ಯೋಜನೆಯೂ ಬಂತು: ನೀರು ಬಸಿದು ಹೋಗಲು ಕಾಲುವೆ ತೋಡಿಸುವುದು, ಜಿಪ್ಸಂ ಹಾಕಿಸುವುದು, ಹದಿನೈದು ದಿನಕ್ಕೊಮ್ಮೆ ಹೊಲಕ್ಕೇ ಬಂದು ಅವರದೇ ಮಾತಲ್ಲಿ ಹೇಳಿಕೊಡುವುದು. ಜಿಲ್ಲೆಗೆ ಒಂದೇ ಗುಂಪು. ಮಣ್ಣಿನ ಪರೀಕ್ಷೆ ನೋಡಿ ಆರಿಸುತ್ತಾರೆ.

ಕಾಲುವೆಯಾಚೆಯವರಿಗೆ ಇದು ಬೇಕೇ ಬೇಕಿತ್ತು. ದಂಡೆಯಿಂದ ಜಿನುಗಿದ ನೀರು ಹೊಲದಲ್ಲಿ ನಿಂತು, ಒಣಗಿ, ಉಪ್ಪಿನ ಪೊರೆ ಬಿಟ್ಟು, ನೆಲವನ್ನು ಚೌಳಾಗಿಸುತ್ತಿತ್ತು. ವರ್ಷಕ್ಕೆ ನಾಲ್ಕು ಸಾಲು ಬೀಳುಬೀಳುತ್ತಿತ್ತು. ಹೀಗೇ ಹೋದರೆ ಇನ್ನು ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟಿ ಇನ್ನೆಲ್ಲಿಗೋ ಹೋಗಬೇಕು ಅನ್ನುವುದು ಅಲ್ಲಿನ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಿಯಮದ ಪ್ರಕಾರ ಮಣ್ಣಿನ ಮಾದರಿಯನ್ನು ಕ್ಷೇತ್ರ ಸಹಾಯಕರು ಖುದ್ದಾಗಿ ತೆಗೆಯಬೇಕು. ಒಂದು ಹೊಲದ ಹತ್ತು ಕಡೆ ಒಂದು ಗೇಣು ಆಳಕ್ಕೆ ಅಗೆದು, ಬೆರೆಸಿ, ಅರ್ಧ ಕಿಲೋ ಚೀಲಕ್ಕೆ ತುಂಬಿ, ಚೀಟಿ ಕಟ್ಟಿ, ಸಹಿ ಹಾಕಬೇಕು. ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಇದನ್ನು ತಪ್ಪಿಸಿದವರಲ್ಲ. ತಪ್ಪಿಸಿದ್ದು ಇದೊಂದೇ ಸಲ. ಕಾರಣ ಇಷ್ಟೇ: ಆ ವಾರವೇ ವಿಶ್ವವಿದ್ಯಾಲಯ ಅವರನ್ನು ಭಾಷಣಕ್ಕೆ ಕರೆದಿತ್ತು. ಹೊಸದಾಗಿ ಸೇರಿದ ಪದವೀಧರರ ಮುಂದೆ ನಲವತ್ತು ನಿಮಿಷ. ವಿಷಯ, 'ಮಣ್ಣಿನ ಮಾದರಿ ತೆಗೆಯುವ ಸರಿಯಾದ ಕ್ರಮ'.

ಪದವಿ ಇಲ್ಲದವನ ಪಾಠ ಪದವಿ ಇದ್ದವರು ಕೇಳುವುದೆಂದರೆ ಸಣ್ಣ ಮಾತಲ್ಲ. ಮೇಷ್ಟ್ರು ಮೂರು ದಿನ ಕನ್ನಡಿಯ ಮುಂದೆ ನಿಂತರು. ಹೆಂಡತಿ ಹೊಲಿದುಕೊಟ್ಟ ಇಪ್ಪತ್ತೇಳು ಬಟ್ಟೆ ಚೀಲಗಳನ್ನು ಕಾಲುವೆಯಾಚೆಯ ಹಿರಿಯಾಕೆಯ ಕೈಗೆ ಕೊಟ್ಟು, "ದೊಡ್ಡಮ್ಮ, ಮನೆಗೊಂದು ಚೀಲ, ತುಂಬಿಸಿಟ್ಟಿರಿ. ಇದು ವಿಶ್ವವಿದ್ಯಾಲಯಕ್ಕೆ ಹೋಗತ್ತೆ, ಹುಷಾರು" ಅಂದು ಹೊರಟುಬಿಟ್ಟರು. ಆಕೆಯನ್ನು ಇಡೀ ದಂಡೆಯೇ ದೊಡ್ಡಮ್ಮ ಅನ್ನುತ್ತಿತ್ತು. ಆಕೆಗಿಂತ ಎರಡು ವರ್ಷ ದೊಡ್ಡವರೂ ಅನ್ನುತ್ತಿದ್ದರು.

ಭಾಷಣ ಚೆನ್ನಾಗಿ ಆಯಿತು. "ಒಂದು ಮಾತು ನೆನಪಿಡಿ. ಮಾದರಿ ತೆಗೆಯೋ ಕೆಲಸವನ್ನ ಎಂದಿಗೂ ಬೇರೆಯವರ ಕೈಗೆ ಒಪ್ಪಿಸಬೇಡಿ" ಅಂದಾಗ ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಕಾಲುವೆಯಾಚೆ ಚೀಲಗಳು ತುಂಬುತ್ತಿದ್ದವು. ಮರುದಿನ ಮೇಷ್ಟ್ರು ಚೀಲಗಳನ್ನು ಎತ್ತಿಕೊಂಡು ಬಂದು, ಇನ್ನೂ ಚಪ್ಪಾಳೆಯ ಗುಂಗಿನಲ್ಲೇ, 'ಖುದ್ದಾಗಿ ಸಂಗ್ರಹಿಸಿದ್ದೇನೆ' ಎಂಬ ಸಾಲಿನ ಕೆಳಗೆ ಇಪ್ಪತ್ತೇಳು ಸಹಿ ಹಾಕಿದರು. ಒಂದು ಚೀಲವನ್ನೂ ಬಿಚ್ಚಿ ಬೆರಳಾಡಿಸಲಿಲ್ಲ.

ಹದಿನೈದು ದಿನದ ಮೇಲೆ, ಒಂದು ಸೋಮವಾರ, ಕೇಂದ್ರದ ಮುಖ್ಯಸ್ಥರಿಂದ ಕರೆ ಬಂತು. ಇವರನ್ನು ಎಲ್ಲರೂ ಡಾಕ್ಟರ್ ಅನ್ನುತ್ತಿದ್ದರು. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಪ್ರಬಂಧ ಬರೆಯುವ ಡಾಕ್ಟರ್.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ."

ಆ ಕೋಣೆಯಲ್ಲಿ ಮೇಷ್ಟ್ರಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಹಾಗಾಗಿ ಅವರಿಗೆ ಭಯವೇ ಆಯಿತು.

"ನೋಡಿದ್ರಾ ಇದನ್ನ? ಇಪ್ಪತ್ತೇಳು ಹೊಲ! ಎಲ್ಲದರ ರಸಸಾರ ಒಂದೇ, ಪಿಎಚ್ ಆರೂವರೆ. ಉಪ್ಪು ಇಲ್ಲವೇ ಇಲ್ಲ. ಪ್ರಯೋಗಾಲಯದವರು ಮೆಷಿನ್ ಕೆಟ್ಟಿದೆ ಅಂತ ಎರಡು ಸಲ ರಿಪೇರಿಯವನನ್ನ ಕರೆಸಿದ್ರಂತೆ. ಮೆಷಿನ್ ಸರಿಯಾಗಿದೆ! ಇಂಥ ಏಕರೂಪ ಫಲವತ್ತತೆ ನನ್ನ ಸರ್ವೀಸಲ್ಲೇ ನೋಡಿಲ್ಲ. ಪ್ರಬಂಧದ ಶೀರ್ಷಿಕೆ ಕಳಿಸಿಯೂಬಿಟ್ಟೆ."

"ಮತ್ತೆ ಯೋಜನೆ, ಸಾರ್?"

"ಇಂಥ ಮಣ್ಣಿಗೆ ಯಾಕ್ರೀ ಯೋಜನೆ? ನಾವು ಅವರಿಂದ ಕಲೀಬೇಕು! ಶುಕ್ರವಾರ ಹನ್ನೊಂದಕ್ಕೆ ಸಭೆ. ಅವರ ಹೆಸರು ಕೈಬಿಟ್ಟು ಮುಂದಿನ ಗುಂಪನ್ನ ತಗೊಳ್ತೀವಿ."

ಮೇಷ್ಟ್ರು ಕುರ್ಚಿಯಿಂದ ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಸ್ಕೂಟರ್ ಏರಿ ಸೀದಾ ಕಾಲುವೆ ದಾಟಿದರು. ದೊಡ್ಡಮ್ಮ ಬಾಗಿಲ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಪಕ್ಕದಲ್ಲಿ ಅವರ ತಮ್ಮನ ಮಗ, ಮೂವತ್ತೈದರ ಸಣಕಲ ಮನುಷ್ಯ, ಎಲ್ಲರೂ ಕಡ್ಡಿ ಎಂದೇ ಕರೆಯುವವನು, ಪಂಪಿನ ಪೈಪಿಗೆ ತೇಪೆ ಹಾಕುತ್ತಿದ್ದ.

"ದೊಡ್ಡಮ್ಮ, ಆ ಚೀಲದ ಮಣ್ಣು ಎಲ್ಲಿಂದ ತೆಗೆದ್ರಿ?"

"ಯಾಕೆ, ಚೆನ್ನಾಗಿರಲಿಲ್ವಾ?"

"ಬಹಳ ಚೆನ್ನಾಗಿತ್ತು. ಅದಕ್ಕೇ ಕೇಳ್ತಿರೋದು."

ದೊಡ್ಡಮ್ಮನ ಮುಖ ಅರಳಿತು. ಸೆರಗು ಕೊಡವಿ ಎದ್ದು, ಮೇಷ್ಟ್ರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಾಗಿಲ ಅಗಲದ ಒಂದು ಪಾತಿ. ನಲವತ್ತು ವರ್ಷದ ಒಲೆಬೂದಿ, ಆಡಿನ ಹಿಕ್ಕೆ, ತರಕಾರಿ ಸಿಪ್ಪೆ ತಿಂದು ಕಪ್ಪಗೆ ಮೆತ್ತಗೆ ಮಲಗಿದ್ದ ಮಣ್ಣು. ನಡುವೆ ಹೊಸದಾಗಿ ತೋಡಿದ ಹೊಂಡ.

"ಇಪ್ಪತ್ತೇಳೂ ಇಲ್ಲಿಂದಾನಾ?"

"ಮತ್ತೆ? ಜರಡಿ ಹಿಡಿದು ತುಂಬಿಸಿದ್ದೀವಿ. ಒಂದು ಕಲ್ಲು ಸಿಕ್ಕಿದ್ರೆ ಕೇಳಿ. ವಿಶ್ವವಿದ್ಯಾಲಯಕ್ಕೆ ಹೋಗೋದು ಅಂತ ನೀವೇ ಅಂದ್ರಲ್ಲ ಮೇಷ್ಟ್ರೇ. ಅಷ್ಟು ದೊಡ್ಡ ಕಡೆಗೆ ಮಗಳನ್ನ ಕಳಿಸೋವಾಗ ಹರಕಲು ಬಟ್ಟೆ ಹಾಕಿ ಕಳಿಸ್ತಾರಾ?"

"ನಾನಂತೂ ಎರಡು ಸಲ ಜರಡಿ ಹಿಡಿದೆ" ಅಂದ ಕಡ್ಡಿ, ಹೊಗಳಿಕೆ ತಪ್ಪಿಹೋದೀತೆಂದು.

ಮೇಷ್ಟ್ರು ಪಾತಿಯ ಅಂಚಿನಲ್ಲೇ ಕುಸಿದು ಕೂತು ವಿಷಯ ಬಿಡಿಸಿ ಹೇಳಿದರು. ಮಣ್ಣು ಇಷ್ಟು ಒಳ್ಳೆಯದಾದರೆ ಯೋಜನೆ ಕೈತಪ್ಪುತ್ತದೆ. ಬುಧವಾರ ಬೆಳಗ್ಗೆಯೊಳಗೆ ಹೊಲದ ಮಣ್ಣು, ಇದ್ದದ್ದು ಇದ್ದ ಹಾಗೆ, ಪ್ರಯೋಗಾಲಯ ಸೇರಬೇಕು. ಸರದಿಗೆ ಕಾಯದೆ ತುರ್ತಾಗಿ ನೋಡಿದರೆ ಪರೀಕ್ಷೆಗೆ ಎರಡು ದಿನ ಸಾಕು.

ದೊಡ್ಡಮ್ಮ ಹೊಂಡದ ಅಂಚಿನ ಮಣ್ಣನ್ನು ಕಾಲಿಂದ ಒಳಕ್ಕೆ ತಳ್ಳಿದರು. ಆಮೇಲೆ, "ಬೇಡ" ಅಂದರು.

"ಅಂದ್ರೆ?"

"ಊರವರು ಮೊದಲೇ ಏನಂತಾರೆ? ಇವರಿಗೆ ಬೇಸಾಯ ಬರಲ್ಲ, ಇದ್ದ ನೆಲಾನೂ ಕೆಡಿಸಿದ್ರು ಅಂತ. ಈಗ ಅದನ್ನೇ ನಮ್ಮ ಹೆಸರು ಹಾಕಿ, ಮೊಹರು ಒತ್ತಿಸಿ, ನಾವೇ ಬರೆಸ್ಕೊಂಡು ಬರಬೇಕಾ? ಒಳ್ಳೇದು ಅಂತ ಒಂದು ಸಲ ಕಾಗದ ಬಂದಿದೆ. ಇರಲಿ ಬಿಡಿ. ಇಪ್ಪತ್ತೇಳು ಮನೆಯವರದ್ದೂ ಇದೇ ಮಾತು ಅಂತ ತಿಳ್ಕೊಳ್ಳಿ."

ಮೇಷ್ಟ್ರು ಸಂಜೆ ಮನೆಗೆ ಬಂದಾಗ ಮುಖ ಹಳಸಿತ್ತು. ಹೆಂಡತಿ ಪೂರ್ತಿ ಕಥೆ ಕೇಳಿದಳು. ನಲವತ್ತು ನಿಮಿಷದ ಭಾಷಣದ ಭಾಗ ಬಂದಾಗ ಮಾತ್ರ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಮುಸಿಮುಸಿ ನಕ್ಕಳು.

"ನಗೋ ವಿಷಯ ಅಲ್ಲ ಕಣೇ. ಅವಮಾನ ಅಂತಿದ್ದಾರೆ. ನೆಲ ಕೆಟ್ಟಿದ್ದು ಕಾಲುವೆ ನೀರಿಂದ, ಅವರ ತಪ್ಪೇನಿಲ್ಲ ಅಂದ್ರೂ ಕೇಳಲ್ಲ. ಕೆಟ್ಟ ನೆಲ ಇರೋದು ಅಷ್ಟು ದೊಡ್ಡ ಅವಮಾನಾನಾ?"

"ಅದನ್ನ ನೀವು ಕೇಳ್ತೀರಾ?"

"ಯಾಕೆ?"

"ಬಟ್ಟೆ ಬೀರುವಿನಲ್ಲಿ, ನನ್ನ ಮದುವೆ ಸೀರೆ ಕೆಳಗೆ, ಹನ್ನೊಂದು ವರ್ಷದಿಂದ ಒಂದು ಕಾಗದ ಬಚ್ಚಿಟ್ಟಿದ್ದೀರಲ್ಲ, ಅದಕ್ಕೆ."

ಮೇಷ್ಟ್ರು ಬೀರುವಿನ ಕಡೆ ತಿರುಗಿ ನೋಡಿದರು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಎಲ್ಲರಿಗೂ ಗೊತ್ತು. ಆ ಕತ್ತಲೆಗೂ ಒಂದು ಪರೀಕ್ಷಾ ವರದಿ ಇದೆ ಅನ್ನುವುದು ಇವಳಿಗೆ ಹೇಗೆ ಗೊತ್ತಾಯಿತು! ಮಣ್ಣಿನ ಮೇಷ್ಟ್ರ ಸ್ವಂತ ಹಿತ್ತಲಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ. ಹುಲ್ಲೂ ಬೇರೆ ದಾರಿ ಕಾಣದೆ ಬೆಳೆದ ಹಾಗಿತ್ತು. ಅದು ಹಳೆಯ ಇಟ್ಟಿಗೆಗೂಡಿನ ಜಾಗ. ಅವರು ಅದರ ಮಣ್ಣನ್ನು ಗುಟ್ಟಾಗಿ, ಹೆಂಡತಿಯ ಹೆಸರಲ್ಲಿ, ಪರೀಕ್ಷೆಗೆ ಕಳಿಸಿದ್ದರು.

"ನಾಳೆ ಆ ಕಾಗದ ತಗೊಂಡು ಹೋಗಿ" ಅಂದಳು ಹೆಂಡತಿ. "ಹೋಗೋ ಮುಂಚೆ ಹೇಳಿ, ಮತ್ತೆ ಇಪ್ಪತ್ತೇಳು ಚೀಲ ಹೊಲೀಬೇಕಾ?"

ಮಂಗಳವಾರ ಬೆಳಗ್ಗೆ ದೊಡ್ಡಮ್ಮನ ಅಂಗಳದಲ್ಲಿ ಜನ ಸೇರಿದ್ದರು. ಬೇಡ ಅನ್ನಲಿಕ್ಕೇ ಸೇರಿದ್ದರು ಅನ್ನುವುದು ಕೈಕಟ್ಟಿ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೇಷ್ಟ್ರು ಪೀಠಿಕೆ ಹಾಕಲಿಲ್ಲ. ಕನ್ನಡಕ ಏರಿಸಿ, ಮಡಿಕೆ ಬಿಚ್ಚಿ, ಓದಿದರು.

"ರಸಸಾರ, ಒಂಬತ್ತು ಪಾಯಿಂಟ್ ನಾಲ್ಕು. ಸಾವಯವ ಅಂಶ, ಇಲ್ಲವೆನ್ನುವಷ್ಟು. ಷರಾ: ಬೇಸಾಯಕ್ಕೆ ಯೋಗ್ಯವಲ್ಲ."

"ಯಾರದ್ದು ಅದು?" ಅಂದ ಕಡ್ಡಿ. "ಪಾಪ."

"ನನ್ನದೇ. ನನ್ನ ಮನೆ ಹಿತ್ತಲು."

ಕಡ್ಡಿ ಒಂದು ಹೆಜ್ಜೆ ಮುಂದೆ ಬಂದ.

"ಮೇಷ್ಟ್ರೇ, ಹೋದ ವರ್ಷ ನಮಗೆಲ್ಲ ಮೆಣಸಿನ ಗಿಡದ ಪಾಠ ಮಾಡಿದ್ರಲ್ಲ, ಎರಡು ಗಂಟೆ?"

"ಮಾಡಿದ್ದೆ."

"ನಿಮ್ಮ ಹಿತ್ತಲಲ್ಲಿ ಮೆಣಸಿನ ಗಿಡ?"

"ಹನ್ನೊಂದು ವರ್ಷದಲ್ಲಿ ಒಂದೂ ಬದುಕಿಲ್ಲ."

"ಮತ್ತೆ, 'ನಮ್ಮ ಹಿತ್ತಲದ್ದು' ಅಂತ ಕೇಂದ್ರದಲ್ಲಿ ಎಲ್ಲರಿಗೂ ಹಂಚ್ತಿದ್ರಂತಲ್ಲ ಮೆಣಸಿನಕಾಯಿ?"

ಮೇಷ್ಟ್ರು ಕನ್ನಡಕ ತೆಗೆದರು. "ನಿನ್ನ ಹತ್ರಾನೇ ಕೊಂಡ್ಕೊಳ್ತಿದ್ನಲ್ಲಪ್ಪ, ಪ್ರತಿ ಶನಿವಾರ."

ಮೊದಲು ನಕ್ಕಿದ್ದು ಯಾರೋ ಹೆಂಗಸು, ಹಿಂದಿನ ಸಾಲಿನಲ್ಲಿ. ಆಮೇಲೆ ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡಿತು. ನಗು ಇಳಿಯುವವರೆಗೆ ಕಾದು ಮೇಷ್ಟ್ರು ಹೇಳಿದರು: "ನೆಲ ಕೆಟ್ಟಿದ್ದು ನನ್ನಿಂದ ಅಲ್ಲ. ಮುಚ್ಚಿಟ್ಟಿದ್ದು ಮಾತ್ರ ನಾನೇ. ಮುಚ್ಚಿಟ್ಟಿದ್ದಕ್ಕೆ ಹನ್ನೊಂದು ವರ್ಷ ಹಾಗೇ ಉಳೀತು."

"ಒಂಬತ್ತು ಪಾಯಿಂಟ್ ನಾಲ್ಕೇನು ಮಹಾ" ಅಂದ ಕಡ್ಡಿ ಇದ್ದಕ್ಕಿದ್ದಂತೆ. "ನನ್ನ ಮೂಲೆ ಹೊಲ ಬಂದು ನೋಡಿ. ನಿಮ್ಮ ಹಿತ್ತಲನ್ನ ನಾಚಿಸತ್ತೆ."

"ಹೋಗೋ, ನಿನ್ನದರಲ್ಲಿ ಸೊಪ್ಪಾದ್ರೂ ಬರತ್ತೆ. ನಮ್ಮದರಲ್ಲಿ ಕಳೆಯೂ ಬರಲ್ಲ" ಅಂತ ಅವನ ಪಕ್ಕದ ಹೊಲದವಳು ಎದ್ದಳು.

ಹತ್ತು ನಿಮಿಷದ ಹಿಂದೆ ಮಾನಕ್ಕೆ ಅಂಜಿ ನಿಂತಿದ್ದವರು ಈಗ ಯಾರ ನೆಲ ಹೆಚ್ಚು ಹಾಳು ಅಂತ ಪೈಪೋಟಿಗೆ ಬಿದ್ದರು. ಮೇಷ್ಟ್ರು ಈ ಸಲ ಕರಣೆ ಯಾರ ಕೈಗೂ ಕೊಡಲಿಲ್ಲ. ಹೊಲಕ್ಕೆ ಹತ್ತು ಕಡೆಯಂತೆ ತಾವೇ ಅಗೆದರು. ಇಪ್ಪತ್ತಾರು ಹೊಲ ಮುಗಿಯುವಾಗ ಬಿಸಿಲು ಇಳಿದಿತ್ತು, ಮೇಷ್ಟ್ರ ಸೊಂಟವೂ ಇಳಿದಿತ್ತು.

ಕೊನೆಯದು ದೊಡ್ಡಮ್ಮನ ಹೊಲ. ಕಾಲುವೆಗೆ ಅಂಟಿಕೊಂಡದ್ದು. ಈಚಲ ತಡಿಕೆಯ ಬೇಲಿ ಕಟ್ಟಿ ಮರೆಮಾಡಿದ್ದರು. ಒಳಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮೇಷ್ಟ್ರು ತಡಿಕೆ ಸರಿಸಿ ನೋಡಿದರು. ನೆಲದ ಮೇಲೆ ಬಿಳಿ ಪೊರೆ, ಚಕ್ಕೆ ಚಕ್ಕೆ. ಒಂದು ಚಿಟಿಕೆ ಎತ್ತಿ ಉಜ್ಜಿದರು. ಅರೆಗಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ.

ದೊಡ್ಡಮ್ಮ ಬೇರೆ ಕಡೆ ನೋಡುತ್ತ ನಿಂತಿದ್ದರು. "ಎರಡು ವರ್ಷದಿಂದ ಏನೂ ಹಾಕಿಲ್ಲ. ನೀವು ನನ್ನ ಮನೇಲಿ ನೋಡ್ತಿದ್ದ ಹುರುಳಿಕಾಯಿ, ಅದು ಕಡ್ಡಿಯ ಹೊಲದ್ದು. ಯಾರಿಗೂ ಹೇಳಬೇಡಿ."

"ನಾನು ಹೇಳಲ್ಲ ದೊಡ್ಡಮ್ಮ. ಕಾಗದ ಹೇಳತ್ತೆ."

ಆಕೆ ಚೀಲದ ಬಾಯಿಯನ್ನು ತಾವೇ ಹಿಡಿದು ಅಗಲಿಸಿದರು. "ಹಾಕಿ."

ಬುಧವಾರ ಚೀಲಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು ಮೇಷ್ಟ್ರು ಡಾಕ್ಟರ ಕೋಣೆಗೆ ಹೋದರು. ಕುರ್ಚಿ ಇದ್ದರೂ ಕೂರಲಿಲ್ಲ.

"ಸಾರ್, ಅದು ಇಪ್ಪತ್ತೇಳು ಹೊಲ ಅಲ್ಲ. ಒಂದೇ ಪಾತಿ. ನಾನು ಖುದ್ದಾಗಿ ತೆಗೆದಿದ್ದಲ್ಲ."

ಡಾಕ್ಟರು ಹಳೆಯ ವರದಿಯನ್ನು ಮುಂದಕ್ಕೆ ಎಳೆದುಕೊಂಡರು. "ಆದರೆ ನೀವು ಸಹಿ ಹಾಕಿದ್ದೀರಲ್ರೀ!"

"ಹಾಕಿದೆ ಸಾರ್. ಇಪ್ಪತ್ತೇಳು ಸಲ."

"ನಾನು ಶೀರ್ಷಿಕೆ ಕಳಿಸಿದ್ದೀನಿ! 'ಕಾಲುವೆ ದಂಡೆಯಲ್ಲಿ ಏಕರೂಪ ಫಲವತ್ತತೆ'! ಈಗ ಏನು ಬರೀಲಿ, 'ಒಬ್ಬ ಮುದುಕಿಯ ಹಿತ್ತಲು' ಅಂತಾನಾ?"

"ಬರೀಬಹುದು ಸಾರ್. ಸುತ್ತ ಪೂರ್ತಿ ಚೌಳು. ನಡುವೆ ಆ ಒಂದು ಪಾತಿ ಹೇಗೆ ಉಳೀತು ಅಂತ ನನಗೂ ಗೊತ್ತಿಲ್ಲ."

ಡಾಕ್ಟರು ಮೇಜಿನ ಮೇಲಿನ ಪೇಪರ್‌ವೇಟನ್ನು ಎರಡು ಸಲ ಅತ್ತಿತ್ತ ಸರಿಸಿದರು. ಸಿಟ್ಟು ಇನ್ನೂ ಇತ್ತು. ಅದರ ಹಿಂದೆ ಹೊಸ ಶೀರ್ಷಿಕೆಯೂ ಮೆಲ್ಲಗೆ ತಲೆ ಎತ್ತುತ್ತಿತ್ತು. "ನಿಮಗೆ ಎಚ್ಚರಿಕೆ ಪತ್ರ ಕೊಡಲೇಬೇಕಾಗತ್ತೆ" ಅಂದರು. "ಸಭೆಗೆ ಹೊಸ ಫಲಿತಾಂಶವನ್ನೇ ಇಡ್ತೀನಿ."

ಶುಕ್ರವಾರ ಹನ್ನೊಂದಕ್ಕೆ ಸಭೆ ಕೂತಿತು. ಇಪ್ಪತ್ತೇಳು ಹೊಲ, ಇಪ್ಪತ್ತೇಳು ಬಗೆ. ಹತ್ತೊಂಬತ್ತಕ್ಕೆ ಕೆಂಪು ಗುರುತು. ಅಷ್ಟು ಕೆಟ್ಟ ಪಟ್ಟಿ ಬೇರಾವ ಗುಂಪೂ ತಂದಿರಲಿಲ್ಲ. ಹನ್ನೊಂದೂವರೆಗೆ ಕಾಲುವೆಯಾಚೆಯವರ ಹೆಸರು ಮೂರು ವರ್ಷಕ್ಕೆ ಗಟ್ಟಿಯಾಯಿತು. ಹನ್ನೆರಡಕ್ಕೆ ಮೇಷ್ಟ್ರ ಕೈಗೆ ಎಚ್ಚರಿಕೆ ಪತ್ರ ಬಂತು. ಹೆಂಡತಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿ, "ಮೂವತ್ತೊಂದು ವರ್ಷದಲ್ಲಿ ಆಫೀಸಿನವರು ನಿಮ್ಮ ಹೆಸರನ್ನ ಪೂರ್ತಿಯಾಗಿ ಬರೆದಿದ್ದು ಇದೇ ಮೊದಲು. ತಪ್ಪಿಲ್ಲದೆ ಬರೆದಿದ್ದಾರೆ ಕಣ್ರೀ" ಅಂದು ಬೀರುವಿನಲ್ಲಿಟ್ಟಳು. ಸೀರೆಯ ಕೆಳಗಲ್ಲ, ಮೇಲೆ.

ಬಸಿಗಾಲುವೆ ತೋಡುವ ಕೆಲಸ ಎಲ್ಲಿಂದ ಶುರು ಅನ್ನುವ ಪ್ರಶ್ನೆಗೆ ಯೋಜನೆಯಲ್ಲೇ ಉತ್ತರವಿತ್ತು: ಹೆಚ್ಚು ಕೆಟ್ಟ ಹೊಲದಿಂದ. ಮೇಷ್ಟ್ರು ಅಂಗಳದಲ್ಲಿ ಪಟ್ಟಿ ಓದಲು ನಿಂತರು. ಕಡ್ಡಿ ಎದೆ ಉಬ್ಬಿಸಿ ಮುಂದೆ ಬಂದು ನಿಂತ. ಅವನದ್ದು ಒಂಬತ್ತನೆಯದು.

"ಒಂಬತ್ತಾ? ಇನ್ನೊಂದ್ಸಲ ನೋಡಿ ಮೇಷ್ಟ್ರೇ, ಇದೂ ಯಾರದೋ ಪಾತಿ ಇರಬೇಕು! ಮೊದಲನೇದು ಯಾರದ್ದು ಹಾಗಾದ್ರೆ?"

ಮೇಷ್ಟ್ರು ಕಾಗದದಿಂದ ಕಣ್ಣು ಎತ್ತಲಿಲ್ಲ. ಓದಲೂ ಇಲ್ಲ.

"ನಂದು" ಅಂದರು ದೊಡ್ಡಮ್ಮ. ಎಲ್ಲರೂ ತಿರುಗಿದರು. "ಏನು ನೋಡ್ತೀರಾ? ಗುದ್ದಲಿ ತಗೊಳ್ಳಿ."

ಈಚಲ ತಡಿಕೆಯನ್ನು ಕಡ್ಡಿಯೇ ಕಿತ್ತು ಪಕ್ಕಕ್ಕಿಟ್ಟ. ಬಿಳಿ ನೆಲ ನೋಡಿ, ಸೀದಾ ಹೋಗಿ ಹಗ್ಗದ ಒಂದು ತುದಿ ಹಿಡಿದ. ಮೇಷ್ಟ್ರು ಇನ್ನೊಂದು ತುದಿ ಹಿಡಿದು ಇಳಿಜಾರಿಗೆ ಗೆರೆ ಎಳೆದರು. ಮೊಣಕಾಲಿನಾಳ ತೋಡುವಷ್ಟರಲ್ಲಿ ಬದಿಯ ಮಣ್ಣು ಒದ್ದೆಯಾಗಿ, ತಳದಲ್ಲಿ ಕಂದು ನೀರು ಒಸರತೊಡಗಿತು. ಮೊದಲು ಸುಮ್ಮನೆ ನಿಂತಿತ್ತು. ಆಮೇಲೆ ಒಂದು ಬೆರಳಗಲದ ಹರಿವಾಗಿ ಇಳಿಜಾರಿನ ಕಡೆ ಹೊರಟಿತು.

ದೊಡ್ಡಮ್ಮ ದಂಡೆಯ ಮೇಲೆ ಕೂತು ಅದು ಹೋಗುವುದನ್ನು ನೋಡಿದರು. ಬಹಳ ಹೊತ್ತು ನೋಡಿದ ಮೇಲೆ ಕಡ್ಡಿಗೆ, "ಸೊಟ್ಟ ತೋಡ್ತಿದ್ದೀಯ" ಅಂದರು.